ನಮ್ಮೂರಿಗೂ ಕೂಸಿನ ಮನೆ ಬೇಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೂಸಿನ ಮನೆ, ಅಂದರೆ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಿಶುಪಾಲನಾ ಕೇಂದ್ರಕ್ಕಾಗಿ ಊರು, ವಾರ್ಡು, ಕಾರ್ಖಾನೆಗಳಲ್ಲಿ ಓಡಾಡುವವರು ಸಭೆಯಲ್ಲೂ ಪತ್ರದಲ್ಲೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಮೊದಲಿಗೆ ಸರಳವಾದವು, ಹೋಗುತ್ತಾ ಹೋಗುತ್ತಾ ತೊಡಕಿನವು.

## ಮೊದಲ ಮಾತು

ಅಂಗನವಾಡಿ ಇದೆಯಲ್ಲ, ಮತ್ತೆ ಕೂಸಿನ ಮನೆ ಯಾಕೆ?

ಅಂಗನವಾಡಿಗೆ ಬಂದು ಕೂರುವುದು 3ರಿಂದ 6 ವರ್ಷದ ಮಕ್ಕಳು. ಮೂರರೊಳಗಿನ ಕೂಸಿಗೆ ಅಲ್ಲಿಂದ ಸಿಗುವುದು ಮನೆಗೆ ಒಯ್ಯುವ ಪೌಷ್ಟಿಕ ಆಹಾರ, ತೂಕ ನೋಡುವುದು, ಚುಚ್ಚುಮದ್ದಿನ ನೆರವು ಇಷ್ಟೇ. ಹಗಲೆಲ್ಲ ಆ ಕೂಸನ್ನು ನೋಡಿಕೊಳ್ಳುವ ಹೊಣೆ ಅಂಗನವಾಡಿಯದಲ್ಲ. 1975ರ ಅಕ್ಟೋಬರ್ 2ರಂದು ಅಂಗನವಾಡಿಗಳ ಮೂಲ ಯೋಜನೆಯಾದ ಐಸಿಡಿಎಸ್ (ಸಮಗ್ರ ಶಿಶು ಅಭಿವೃದ್ಧಿ ಯೋಜನೆ) ಶುರುವಾದಾಗ ಅದರ ಗುರಿ ಪೌಷ್ಟಿಕತೆ, ಆರೋಗ್ಯ, ಶಾಲಾಪೂರ್ವ ಶಿಕ್ಷಣವಾಗಿತ್ತು. ತಾಯಿ ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾಳೆ ಎಂಬುದು ಆ ಲೆಕ್ಕದಲ್ಲಿ ಇರಲೇ ಇಲ್ಲ.

ಸಮಯವೂ ಹೊಂದುವುದಿಲ್ಲ. ಅಂಗನವಾಡಿ ಸಾಮಾನ್ಯವಾಗಿ ಬೆಳಿಗ್ಗೆ 9.30ರಿಂದ ಸಂಜೆ 4ರವರೆಗೆ. ನಾಟಿಗೋ ಕಳೆಗೋ ಹೋಗುವವರು ಎಂಟಕ್ಕೆಲ್ಲ ಗದ್ದೆಯಲ್ಲಿರುತ್ತಾರೆ. ನಡುವಿನ ಒಂದೂವರೆ ಗಂಟೆ ಮಗುವನ್ನು ಯಾರು ನೋಡಬೇಕು? ಆರೇಳು ವರ್ಷದ ಅಕ್ಕ. ಅವಳ ಶಾಲೆ ತಪ್ಪುವುದು ಇಲ್ಲಿಂದಲೇ.

ಹಾಗಾಗಿ ನಮ್ಮ ಬೇಡಿಕೆ ‘ಇನ್ನೊಂದು ಅಂಗನವಾಡಿ ಕೊಡಿ’ ಎಂಬುದಲ್ಲ. ‘ಮೂರರೊಳಗಿನ ಮಕ್ಕಳನ್ನೂ ಸೇರಿಸಿಕೊಳ್ಳಿ, ಕೆಲಸದ ಹೊತ್ತಿಗೆ ಬಾಗಿಲು ತೆರೆಯಿರಿ’ ಎಂಬುದು. ಇವೆರಡು ಮಾತು ಬಿಟ್ಟುಹೋದರೆ ಅರ್ಜಿ ತಪ್ಪು ಮೇಜಿಗೆ ಹೋಗುತ್ತದೆ, ತಪ್ಪು ಉತ್ತರ ಬರುತ್ತದೆ.

ಮನೇಲಿ ಅಜ್ಜಿ ಇರ್ತಾರಲ್ಲ, ಸರ್ಕಾರ ಯಾಕೆ ದುಡ್ಡು ಹಾಕಬೇಕು?

ಅಜ್ಜಿಯೂ ಕೂಲಿಗೆ ಹೋಗುವ ಮನೆಗಳೇ ಹೆಚ್ಚಿರುವ ಕಡೆ ಈ ಬೇಡಿಕೆ ಏಳುತ್ತದೆ. 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಯವರ ಆರೈಕೆಯಲ್ಲಿ ತೊಡಗಿದ 15ರಿಂದ 59ರ ವಯಸ್ಸಿನ ಹೆಂಗಸರು ದಿನಕ್ಕೆ ಸುಮಾರು 140 ನಿಮಿಷ, ಗಂಡಸರು 74 ನಿಮಿಷ ಅದಕ್ಕೆ ಕೊಡುತ್ತಾರೆ. ಆರೈಕೆಯಲ್ಲಿ ತೊಡಗುವ ಗಂಡಸರ ಪಾಲೇ ಹೆಂಗಸರ ಪಾಲಿನ ಅರ್ಧದಷ್ಟು. ಈ ದುಡಿಮೆ ಈಗಲೂ ನಡೆಯುತ್ತಲೇ ಇದೆ, ಬೆಲೆ ತೆರುತ್ತಿರುವವರು ಮಾತ್ರ ಮನೆಯ ಹೆಣ್ಣುಮಕ್ಕಳು. ‘ಒಳ್ಳೆಯ ಆರೈಕೆಯಿಂದ ಮಗುವಿನ ಮಿದುಳು ಬೆಳೆಯುತ್ತದೆ’ ಎಂಬ ವಾದ ಸರಿಯಾದದ್ದೇ, ಆದರೆ ಪಂಚಾಯಿತಿ ಸಭೆಯಲ್ಲಿ ಅದಕ್ಕಿಂತ ‘ತಪ್ಪಿದ ಕೂಲಿ ಎಷ್ಟು ದಿನದ್ದು’ ಎಂಬ ಲೆಕ್ಕ ಬೇಗ ನಾಟುತ್ತದೆ.

ಇದು ಹಕ್ಕಾ, ಇಲ್ಲ ಸರ್ಕಾರ ಕೊಟ್ಟರೆ ಉಂಟು ಅನ್ನೋದಾ?

ಆರು ವರ್ಷ ತುಂಬದ ಮಗುವಿನ ಆರೈಕೆ ಮತ್ತು ಶಿಕ್ಷಣ ಸಂವಿಧಾನದ 45ನೇ ವಿಧಿಯಲ್ಲಿದೆ. 2002ರ 86ನೇ ತಿದ್ದುಪಡಿಯಿಂದ ಬಂದ ಮಾತು ಅದು. ಆದರೆ ಅದು ನಿರ್ದೇಶಕ ತತ್ವ, ಕೋರ್ಟಿನಲ್ಲಿ ನೇರವಾಗಿ ಜಾರಿ ಮಾಡಿಸಿಕೊಳ್ಳಲಾಗದು. 6ರಿಂದ 14ರವರೆಗಿನ ಶಿಕ್ಷಣದ ಹಾಗೆ ಮೂಲಭೂತ ಹಕ್ಕಲ್ಲ. ಸಭೆಯಲ್ಲಿ ‘ಇದು ನಮ್ಮ ಮೂಲಭೂತ ಹಕ್ಕು’ ಎಂದು ಘೋಷಿಸಿದರೆ ಅಧಿಕಾರಿ ಅದೊಂದೇ ತಪ್ಪನ್ನು ಹಿಡಿದು ಇಡೀ ಬೇಡಿಕೆಯನ್ನು ಹಗುರ ಮಾಡುತ್ತಾರೆ.

ಗಟ್ಟಿ ನೆಲ ಎರಡು ಕಡೆ ಇದೆ. ಒಂದು, 2006ರ ಡಿಸೆಂಬರ್ 13ರ ಸುಪ್ರೀಂ ಕೋರ್ಟ್ ಆದೇಶ: ಆರು ವರ್ಷದೊಳಗಿನ ಕನಿಷ್ಠ 40 ಮಕ್ಕಳಿದ್ದೂ ಅಂಗನವಾಡಿ ಇಲ್ಲದ ಹಳ್ಳಿ, ಕೊಳೆಗೇರಿಯವರು ಕೇಳಿದರೆ ಮೂರು ತಿಂಗಳೊಳಗೆ ಅಂಗನವಾಡಿ ಕೊಡಬೇಕು. ಇನ್ನೊಂದು, 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳ ಮೇಲಿನ ಕಾನೂನು. ಅದರ ಮಾತು ಮುಂದೆ ಇದೆ.

ಈಗ ಯಾವ ಯೋಜನೆಗಳಿವೆ? ಯಾರನ್ನು ಕೇಳಬೇಕು?

ಹಳ್ಳಿಯಲ್ಲಿ ಕೂಸಿನ ಮನೆ. 2023-24ರ ರಾಜ್ಯ ಬಜೆಟ್ಟಿನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ ಘೋಷಿಸಿದ್ದು. ರಾಜ್ಯದಲ್ಲಿ ಸುಮಾರು 6,000 ಪಂಚಾಯಿತಿಗಳಿವೆ, ಅಂದರೆ ಮೂರರಲ್ಲಿ ಒಂದು ಆ ಲೆಕ್ಕದ ಹೊರಗೇ ಉಳಿಯಿತು. ಇದು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯದು. ಊರಿನ ಮಟ್ಟದಲ್ಲಿ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ), ತಾಲ್ಲೂಕಿನಲ್ಲಿ ತಾಲ್ಲೂಕು ಪಂಚಾಯಿತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ), ಜಿಲ್ಲೆಯಲ್ಲಿ ಜಿಲ್ಲಾ ಪಂಚಾಯಿತಿ ಸಿಇಒ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಇದಕ್ಕೆ ಜವಾಬ್ದಾರರು.

ಎರಡನೆಯದು ಕೇಂದ್ರ ಸರ್ಕಾರದ ‘ಪಾಲನಾ’. ಹಳೆಯ ರಾಷ್ಟ್ರೀಯ ಶಿಶುಪಾಲನಾ ಯೋಜನೆಯೇ 2022ರಲ್ಲಿ ಮಹಿಳೆಯರಿಗಾಗಿರುವ ಯೋಜನೆಗಳ ಗುಂಪಾದ ಮಿಷನ್ ಶಕ್ತಿಯೊಳಗೆ ಈ ಹೆಸರಿನಲ್ಲಿ ಸೇರಿತು. ಅಂಗನವಾಡಿಯ ಜೊತೆಗೇ ಶಿಶುಪಾಲನಾ ಕೇಂದ್ರ ನಡೆಸುವ ಯೋಜನೆ ಇದು: 6 ತಿಂಗಳಿಂದ 6 ವರ್ಷದ ಮಕ್ಕಳಿಗೆ, ತಿಂಗಳಿಗೆ 26 ದಿನ, ದಿನಕ್ಕೆ ಏಳೂವರೆ ಗಂಟೆ. ದೇಶಕ್ಕೆಲ್ಲ ಸೇರಿ ಇಟ್ಟ ಗುರಿ 17,000 ಕೇಂದ್ರ. ಕರ್ನಾಟಕವೊಂದರಲ್ಲೇ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇದನ್ನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಬಳಿ ಕೇಳಬೇಕು.

ಇಲಾಖೆ ಎರಡು, ಹಣದ ಮೂಲ ಎರಡು. ಪಿಡಿಒ ‘ಸಿಡಿಪಿಒ ಹತ್ರ ಹೋಗಿ’ ಎನ್ನುವುದು, ಸಿಡಿಪಿಒ ‘ಪಂಚಾಯಿತಿಯವರು ಮಾಡ್ತಾರೆ’ ಎನ್ನುವುದು ದಿನನಿತ್ಯದ ಕಥೆ. ಯಾವ ಯೋಜನೆ ಎಂದು ಅರ್ಜಿಯ ವಿಷಯದ ಸಾಲಿನಲ್ಲೇ ಬರೆದರೆ ಈ ಚೆಂಡಾಟಕ್ಕೆ ಅರ್ಧ ತಡೆ ಬೀಳುತ್ತದೆ.

## ಕೆಲಸ ಶುರು ಮಾಡುವಾಗ

ನಾವು ನಾಲ್ಕೈದು ಜನ ಹೆಂಗಸರಷ್ಟೇ. ಎಲ್ಲಿಂದ ಶುರು ಮಾಡೋದು?

ಎಣಿಕೆಯಿಂದ. ಮೆರವಣಿಗೆ, ಪತ್ರಿಕಾಗೋಷ್ಠಿ ಎಲ್ಲ ಆಮೇಲೆ. ನಾಲ್ಕು ಜನ ಎರಡೆರಡಾಗಿ ಹೋದರೆ ನೂರು ನೂರೈವತ್ತು ಮನೆಯ ಊರು ಎರಡು ಮೂರು ದಿನದಲ್ಲಿ ಮುಗಿಯುತ್ತದೆ. ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ಆರರ ಮೇಲೆ ಹೋಗಿ. ಹಗಲಲ್ಲಿ ಹೋದರೆ ನಿಮಗೆ ಸಿಗುವುದು ಈ ಸೌಲಭ್ಯದ ಅಗತ್ಯವೇ ಇಲ್ಲದ ಮನೆಯವರು.

ಒಂದು ನೋಟ್‌ಬುಕ್ಕಿನಲ್ಲಿ ಏಳು ಕಲಂ ಸಾಕು: ಮಗುವಿನ ವಯಸ್ಸು ತಿಂಗಳಲ್ಲಿ, ತಾಯಿಯ ಕೆಲಸ, ಮನೆ ಬಿಡುವ ಹೊತ್ತು, ಮರಳುವ ಹೊತ್ತು, ವರ್ಷದಲ್ಲಿ ಯಾವ ತಿಂಗಳುಗಳಲ್ಲಿ ಕೆಲಸ ಹೆಚ್ಚು, ಈಗ ಮಗುವನ್ನು ನೋಡಿಕೊಳ್ಳುವವರು ಯಾರು, ಅವರ ವಯಸ್ಸು. ಮಗುವಿನ ವಯಸ್ಸಿಗೆ ತಾಯಿ ಕಾರ್ಡ್ ನೋಡಿ, ಅಂದಾಜು ಬರೆಯಬೇಡಿ.

‘ಕೂಸಿನ ಮನೆ ಬೇಕಾ?’ ಎಂದು ಮಾತ್ರ ಕೇಳಬೇಡಿ. ಎಲ್ಲರೂ ಹೂಂ ಎನ್ನುತ್ತಾರೆ, ಆ ಹೂಂಗೆ ಬೆಲೆಯಿಲ್ಲ. ‘ನಿನ್ನೆ ಹಗಲು ಮಗು ಎಲ್ಲಿತ್ತು?’ ಎಂದು ಕೇಳಿ. ‘ಗದ್ದೆ ಬದುವಿನಲ್ಲಿ ಮಲಗಿಸಿದ್ದೆ’, ‘ದೊಡ್ಡವಳ ಹತ್ರ ಬಿಟ್ಟಿದ್ದೆ’ ಎಂಬ ಉತ್ತರವೇ ನಿಮ್ಮ ಸಾಕ್ಷಿ. ಊರ ಹೊರಗಿನ ಗುಡಿಸಲು, ಇಟ್ಟಿಗೆ ಗೂಡು, ಕಬ್ಬು ಕಡಿಯಲು ಬಂದವರ ಟೆಂಟು ಬಿಡಬೇಡಿ. ಅಧಿಕೃತ ಪಟ್ಟಿಗಳಲ್ಲಿ ಬಿಟ್ಟುಹೋಗುವ ಮಕ್ಕಳು ಹೆಚ್ಚಾಗಿ ಅಲ್ಲಿರುತ್ತಾರೆ.

ಈ ನೋಟ್‌ಬುಕ್ ನಿಮ್ಮ ಬಳಿಯೇ ಇರಲಿ. ಅರ್ಜಿಗೆ ಲಗತ್ತಿಸುವುದು ಒಟ್ಟು ಸಂಖ್ಯೆಗಳ ಒಂದು ಪುಟ ಮಾತ್ರ. ಮಕ್ಕಳ ಹೆಸರು, ಮನೆಯ ಕಷ್ಟ ಹತ್ತು ಕಚೇರಿಯ ಕಡತ ಸುತ್ತುವುದು ಬೇಡ.

ಅರ್ಜಿ ಹೇಗೆ ಬರೆಯೋದು?

ಒಂದೇ ಪುಟ. ಪಂಚಾಯಿತಿ ಅಧ್ಯಕ್ಷರಿಗೂ ಪಿಡಿಒಗೂ ಸೇರಿಸಿ ಬರೆದು, ಪ್ರತಿಗಳನ್ನು ತಾಲ್ಲೂಕು ಪಂಚಾಯಿತಿ ಇಒ ಮತ್ತು ಸಿಡಿಪಿಒಗೆ ಕೊಡಿ. ಒಳಗೆ ಐದು ಸಂಗತಿ ಇರಲಿ: ಆರು ವರ್ಷದೊಳಗಿನ ಮಕ್ಕಳೆಷ್ಟು, ಅದರಲ್ಲಿ ಮೂರರೊಳಗಿನವರೆಷ್ಟು, ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಬೇಕು, ಯಾವ ಕಟ್ಟಡ ಖಾಲಿ ಇದೆ, ಯಾವ ಯೋಜನೆಯಡಿ ಕೇಳುತ್ತಿದ್ದೀರಿ. ಹಳೆಯ ಶಾಲಾ ಕೊಠಡಿ, ಸಮುದಾಯ ಭವನ, ಯಾವುದಾದರೂ ಒಂದರ ಹೆಸರು ಹೇಳಿ. ‘ಜಾಗ ಇಲ್ಲ’ ಎಂಬುದು ಮೊದಲು ಬರುವ ಉತ್ತರ, ಅದಕ್ಕೆ ಮೊದಲೇ ಬಾಗಿಲು ಹಾಕಿದ ಹಾಗಾಗುತ್ತದೆ.

ಇನ್ನೊಂದು ಪ್ರತಿಯ ಮೇಲೆ ಮೊಹರು, ದಿನಾಂಕ, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟೇ ಇಲ್ಲದ ಅರ್ಜಿ.

ಗ್ರಾಮ ಸಭೇಲಿ ಹೇಳಿದ್ವಿ, ‘ನೋಡೋಣಮ್ಮ’ ಅಂದ್ರು. ಏನೂ ಆಗಲಿಲ್ಲ. ಎಲ್ಲಿ ತಪ್ಪಿತು?

ಹೆಚ್ಚಾಗಿ ತಪ್ಪುವುದು ಎರಡು ಕಡೆ: ಮಾತು ನಡಾವಳಿ ಪುಸ್ತಕಕ್ಕೆ ಏರಿರುವುದಿಲ್ಲ, ಅಥವಾ ಹೇಳಿದ ಕಾಲ ತಪ್ಪಿರುತ್ತದೆ.

ಸಭೆಯಲ್ಲಿ ಆಡಿದ್ದು ಠರಾವಾಗಿ ಬರೆಯಿಸಿದರೆ ಮಾತ್ರ ಉಳಿಯುತ್ತದೆ. ಸಭೆ ಮುಗಿಯುವ ಮುನ್ನ ‘ನಮ್ಮ ಠರಾವನ್ನು ಓದಿ ಹೇಳಿ’ ಎಂದು ಕೇಳಿ. ‘ಪರಿಶೀಲಿಸಲಾಗುವುದು’ ಎಂದು ಬರೆದಿದ್ದರೆ ‘ಕ್ರಿಯಾ ಯೋಜನೆಯಲ್ಲಿ ಸೇರಿಸಲು ತೀರ್ಮಾನಿಸಲಾಯಿತು’ ಎಂದು ತಿದ್ದಿಸಿ. ಈ ಎರಡು ಸಾಲುಗಳ ಅಂತರ ಒಂದು ವರ್ಷ.

ಕಾಲದ ಮಾತು. ಗ್ರಾಮ ಸಭೆ ಕನಿಷ್ಠ ಆರು ತಿಂಗಳಿಗೊಮ್ಮೆ ನಡೆಯಬೇಕು, ಅದಕ್ಕೂ ಮುಂಚೆ ವಾರ್ಡ್ ಸಭೆ. ಮುಂದಿನ ವರ್ಷದ ಪಂಚಾಯಿತಿ ಯೋಜನೆ ತಯಾರಿಸುವ ಕೆಲಸ ಸಾಮಾನ್ಯವಾಗಿ ಅಕ್ಟೋಬರ್ 2ರ ಸುಮಾರಿಗೆ ಶುರು. ಮಾರ್ಚಿನಲ್ಲಿ ಹೋಗಿ ಕೇಳಿದರೆ ಪಟ್ಟಿ ಆಗಲೇ ಮೇಲೆ ಹೋಗಿರುತ್ತದೆ. ಆಗಸ್ಟ್-ಸೆಪ್ಟೆಂಬರಿನಲ್ಲಿ ಎಣಿಕೆ, ಅಕ್ಟೋಬರಿನ ವಾರ್ಡ್ ಸಭೆಯಲ್ಲಿ ಬೇಡಿಕೆ, ನಂತರದ ಗ್ರಾಮ ಸಭೆಯಲ್ಲಿ ಠರಾವು ಎಂದು ಇಟ್ಟುಕೊಳ್ಳಿ. ನವೆಂಬರಿನ ಆಚೀಚೆ ನಡೆಯುವ ಮಕ್ಕಳ ಗ್ರಾಮ ಸಭೆಯಲ್ಲಿ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುವ ಮಕ್ಕಳೇ ಎದ್ದು ಈ ಮಾತು ಹೇಳಿದರೆ ಯಾವ ಅಧಿಕಾರಿಗೂ ತಳ್ಳಿಹಾಕುವುದು ಕಷ್ಟ. ಆದರೆ ಮಕ್ಕಳಿಗೆ ಬಾಯಿಪಾಠ ಮಾಡಿಸಬೇಡಿ, ಅದು ಎಲ್ಲರಿಗೂ ಗೊತ್ತಾಗುತ್ತದೆ.

ಉತ್ತರವೇ ಬರದಿದ್ದರೆ ಆರ್‌ಟಿಐ ಹಾಕಬಹುದಾ?

ಹಾಕಬಹುದು. ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಇಡಿ, ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ. ‘ಯಾಕೆ ಮಾಡಲಿಲ್ಲ?’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಕಾಯ್ದೆ ಕೊಡಿಸುವುದು ದಾಖಲೆಗಳನ್ನು ಮಾತ್ರ. ‘ನಮ್ಮ ಅರ್ಜಿಯ ಕಡತದ ಟಿಪ್ಪಣಿ ಹಾಳೆಗಳ ಪ್ರತಿ’, ‘ಈ ಸಾಲಿನಲ್ಲಿ ಕೂಸಿನ ಮನೆಗೆ ಬಂದ ಹಣ, ಖರ್ಚಾದ ಹಣದ ವಿವರ’ ಎಂದು ಕೇಳಿ.

ನಮ್ಮದು ಗಾರ್ಮೆಂಟ್ಸ್ ಕೆಲಸ. ಪಂಚಾಯಿತಿಗೂ ನಮಗೂ ಸಂಬಂಧವಿಲ್ಲ. ನಾವೇನು ಮಾಡೋದು?

2017ರ ಹೆರಿಗೆ ಸೌಲಭ್ಯ ತಿದ್ದುಪಡಿಯಲ್ಲಿ ಬಂದ ನಿಯಮ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯ 67ನೇ ಕಲಮಿನಲ್ಲಿದೆ. ಆ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. 50 ನೌಕರರಿದ್ದರೆ ಶಿಶುಪಾಲನಾ ಕೇಂದ್ರ ಬೇಕು, ತಾಯಿಗೆ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿಬರಲು ಬಿಡಬೇಕು. ಹಳೆಯ ಕಾರ್ಖಾನೆ ಕಾಯ್ದೆಯಲ್ಲಿ 30ಕ್ಕಿಂತ ಹೆಚ್ಚು ಹೆಂಗಸರು ಎಂದಿತ್ತು. ಈಗ ಗಂಡು ಹೆಣ್ಣು ಸೇರಿಸಿ ಎಣಿಕೆ. ಹಾಗಾಗಿ ‘ನಮ್ಮಲ್ಲಿ ಹೆಂಗಸರು ಕಡಿಮೆ’ ಎಂಬ ನೆಪಕ್ಕೆ ಜಾಗವಿಲ್ಲ. ಒಂದೇ ಪ್ರದೇಶದ ಹಲವು ಸಂಸ್ಥೆಗಳು ಸೇರಿ ಒಂದು ಕೇಂದ್ರ ನಡೆಸಲೂ ಅವಕಾಶವಿದೆ. ಸಣ್ಣ ಘಟಕಗಳು ಸಾಲುಸಾಲಾಗಿರುವ ಕೈಗಾರಿಕಾ ಪ್ರದೇಶದಲ್ಲಿ ಕೇಳಬೇಕಾದ್ದು ಅದನ್ನೇ.

ಕೇಂದ್ರ ಇದ್ದೂ ಖಾಲಿ ಇರುವುದೇ ಇಲ್ಲಿನ ದೊಡ್ಡ ಕಾಯಿಲೆ. ದಟ್ಟಣೆಯ ಬಸ್ಸಿನಲ್ಲಿ ಒಂದು ಗಂಟೆ ಕೂಸನ್ನು ಎತ್ತಿಕೊಂಡು ಬರುವುದು ಯಾರಿಗೂ ಆಗದು. ಆದ್ದರಿಂದ ಕಾರ್ಮಿಕರು ಕೇಳಬೇಕಾದ್ದು ಕಾರ್ಖಾನೆಯೊಳಗಿನ ಕೋಣೆಗಿಂತ ಮನೆಗಳ ಹತ್ತಿರದ ಕೇಂದ್ರ, ಖರ್ಚಿನ ಪಾಲು ಮಾಲೀಕರದು.

## ಬಾಗಿಲು ತೆರೆದ ಮೇಲೆ

ಉದ್ಘಾಟನೆ ಜೋರಾಗಿ ಆಯ್ತು, ಮೂರು ತಿಂಗಳಿಗೆ ಬೀಗ ಬಿತ್ತು. ಯಾಕೆ?

ತೆರೆಯುವುದಕ್ಕೆ ಒಮ್ಮೆ ಹಣ ಬೇಕು, ನಡೆಸುವುದಕ್ಕೆ ಪ್ರತಿ ತಿಂಗಳು ಬೇಕು. ಚಳವಳಿಗಳು ಸೋಲುವುದು ಹೆಚ್ಚಾಗಿ ಈ ಎರಡನೆಯ ಲೆಕ್ಕದಲ್ಲಿ.

ಕೂಸಿನ ಮನೆಯ ಆರೈಕೆದಾರರ ಕೂಲಿ ನರೇಗಾದಿಂದ, ಅಂದರೆ ಗ್ರಾಮೀಣ ಉದ್ಯೋಗ ಖಾತರಿಯಿಂದ, ಬರುವಂತೆ ಯೋಜಿಸಿದ್ದು. ನರೇಗಾದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 100 ದಿನ. ತಿಂಗಳಿಗೆ 26 ದಿನದಂತೆ ಕೇಂದ್ರ ವರ್ಷಕ್ಕೆ 312 ದಿನ ನಡೆಯಬೇಕು, ದಿನಕ್ಕೆ ಇಬ್ಬರು ಎಂದರೆ 624 ಆಳು-ದಿನ. ಅಲ್ಲಿಗೆ ಕಡೇಪಕ್ಷ ಏಳು ಕುಟುಂಬದ ಹೆಂಗಸರು ಸರದಿಯಲ್ಲಿ ಬರಬೇಕು. ಅವರೂ ತಮ್ಮ ಜಾಬ್ ಕಾರ್ಡಿನ ದಿನಗಳನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳಬೇಕೆಂದರೆ ಹತ್ತು ಮಂದಿ. ಒಂದು ವರ್ಷದ ಕೂಸಿಗೆ ಎರಡು ಮೂರು ತಿಂಗಳಿಗೊಮ್ಮೆ ಹೊಸ ಮುಖ. ಅಳು ನಿಲ್ಲುವುದಿಲ್ಲ, ತಾಯಿ ಮಗುವನ್ನು ಕಳಿಸುವುದು ಬಿಡುತ್ತಾಳೆ, ಹಾಜರಿ ಇಳಿಯುತ್ತದೆ, ‘ಬೇಡಿಕೆಯೇ ಇಲ್ಲ’ ಎಂದು ವರದಿ ಹೋಗುತ್ತದೆ.

2025ರ ಡಿಸೆಂಬರಿನಲ್ಲಿ ನರೇಗಾ ಜಾಗಕ್ಕೆ ಸಂಸತ್ತು ಹೊಸ ಕಾಯ್ದೆ ತಂದಿದೆ. ದಿನಗಳು 125, ವೆಚ್ಚದಲ್ಲಿ ರಾಜ್ಯದ ಪಾಲು 40%. ಬಿತ್ತನೆ, ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನದವರೆಗೆ ಕೆಲಸ ನಿಲ್ಲಿಸಲು ಅವಕಾಶ. ತಾಯಂದಿರು ಗದ್ದೆಯಲ್ಲಿ ಹೆಚ್ಚು ಹೊತ್ತು ಇರುವುದೇ ಆಗ. ಆರೈಕೆದಾರರ ಕೂಲಿಯನ್ನು ಉದ್ಯೋಗ ಖಾತರಿಗೆ ಕಟ್ಟಿಹಾಕಿದರೆ, ಕೇಂದ್ರ ತೀರಾ ಬೇಕಾದ ದಿನವೇ ಅದರ ಕೈಕಾಲು ಕಟ್ಟುವ ಅಪಾಯವಿದೆ. ಆದ್ದರಿಂದ ಎರಡನೇ ವರ್ಷದ ಬೇಡಿಕೆ ಇದೊಂದೇ ಇರಲಿ: ಇಬ್ಬರಲ್ಲಿ ಒಬ್ಬರಾದರೂ ಕಾಯಂ, ಅವರ ವೇತನಕ್ಕೆ ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲು.

ಪಾಲನಾದಲ್ಲಿ ಜನ ಕಾಯಂ ಇರುತ್ತಾರೆ, ಸಂಬಳ ಇರುವುದಿಲ್ಲ. ಕಾರ್ಯಕರ್ತೆಗೆ ತಿಂಗಳಿಗೆ 5,500, ಸಹಾಯಕಿಗೆ 3,000 ರೂಪಾಯಿ ಗೌರವಧನ. ಇಬ್ಬರದೂ ಸೇರಿಸಿ 26 ದಿನಕ್ಕೆ ಹಂಚಿದರೆ ದಿನಕ್ಕೆ 327 ರೂಪಾಯಿ. 2025-26ರಲ್ಲಿ ಕರ್ನಾಟಕದ ನರೇಗಾ ಕೂಲಿ ಒಬ್ಬರಿಗೇ 370. ಈ ಒಂದು ಹೋಲಿಕೆಯನ್ನು ಕರಪತ್ರದಲ್ಲಿ ದಪ್ಪಕ್ಷರದಲ್ಲಿ ಹಾಕಿದರೆ ಉದ್ದ ಭಾಷಣ ಬೇಡ.

ಎಷ್ಟು ಮಕ್ಕಳಿಗೆ ಎಷ್ಟು ಜನ ಬೇಕು? ಜಾಗ ಎಷ್ಟು?

ಕೆಲಸದ ಸ್ಥಳದ ಶಿಶುಪಾಲನಾ ಕೇಂದ್ರಗಳಿಗೆ ಕೇಂದ್ರ ಸರ್ಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯನ್ನೇ ಅಳತೆಗೋಲಾಗಿ ಹಿಡಿಯಿರಿ. ಮೂರರೊಳಗಿನ 10 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. 3ರಿಂದ 6ರ 20 ಮಕ್ಕಳಿಗೆ ಇಬ್ಬರು. ಮಗುವೊಂದಕ್ಕೆ 10ರಿಂದ 12 ಚದರ ಅಡಿ. ಇಪ್ಪತ್ತು ಮಕ್ಕಳಿಗೆ 15 ಅಡಿ ಉದ್ದ, 15 ಅಡಿ ಅಗಲದ ಕೋಣೆ ಆಯಿತು, ಅಡುಗೆ ಜಾಗ ಬೇರೆ.

ಕಾಗದದಲ್ಲಿ ಇಲ್ಲದ್ದು ಕೆಲವಿದೆ. ನೀರಿನ ಸಂಪ್‌ಗೆ ಮುಚ್ಚಳ ಮತ್ತು ಬೀಗ, ಒಲೆಯ ಕಡೆಗೆ ಮಗು ಹೋಗದ ಹಾಗೆ ಅಡ್ಡಗಟ್ಟು, ದೊಡ್ಡವರ ಎದೆ ಎತ್ತರದಲ್ಲಿ ಗೇಟಿನ ಚಿಲಕ. ಮಗುವನ್ನು ಕರೆದೊಯ್ಯಲು ಯಾರಿಗೆ ಅನುಮತಿ ಎಂಬ ಹೆಸರು ಮತ್ತು ಫೋಟೋ ಇರುವ ಪುಸ್ತಕ. ಮೊದಲ ವಾರ ತಾಯಿಯೋ ಅಜ್ಜಿಯೋ ಒಂದೆರಡು ಗಂಟೆ ಜೊತೆಗಿರಲಿ. ಮೊದಲ ದಿನವೇ ಬಿಟ್ಟು ಓಡಿದರೆ ಆ ಮಗು ನೆಲೆ ನಿಲ್ಲುವುದು ಕಷ್ಟ.

ಫೀಸು ಇಟ್ಟರೆ ತಪ್ಪಾ? ಫ್ರೀ ಅಂದ್ರೆ ಬೆಲೆ ಇರಲ್ಲ ಅಂತಾರೆ.

ಹಳೆಯ ರಾಷ್ಟ್ರೀಯ ಯೋಜನೆಯಲ್ಲಿ ಬಿಪಿಎಲ್ ಮನೆಗೆ ತಿಂಗಳಿಗೆ 20, ಉಳಿದವರಿಗೆ ಆದಾಯ ನೋಡಿ 100 ಅಥವಾ 200 ರೂಪಾಯಿ ಇತ್ತು. ನಮ್ಮ ಅಭಿಪ್ರಾಯ ನೇರ: ಬೇಡ. ಇಪ್ಪತ್ತು ಮನೆಯಿಂದ ಇಪ್ಪತ್ತಿಪ್ಪತ್ತು ರೂಪಾಯಿ ಎತ್ತಿದರೆ ಬರುವ 400 ರೂಪಾಯಿಯಲ್ಲಿ ಒಬ್ಬರಿಗೆ ಒಂದು ವಾರದ ಕೂಲಿಯೂ ಹುಟ್ಟುವುದಿಲ್ಲ. ಆದರೆ ಬಾಕಿ ಉಳಿಸಿಕೊಂಡವಳು ಮುಜುಗರಕ್ಕೆ ಮಗುವನ್ನು ಕಳಿಸುವುದು ನಿಲ್ಲಿಸುತ್ತಾಳೆ, ಮತ್ತು ಅವಳೇ ಎಲ್ಲರಿಗಿಂತ ಬಡವಳು.

‘ಅವರ ಮಕ್ಕಳ ಜೊತೆ ನಮ್ಮ ಮಕ್ಕಳನ್ನು ಕೂರಿಸಲ್ಲ’ ಅನ್ನೋರಿಗೆ ಏನು ಹೇಳೋದು?

ಬೇರೆ ತಟ್ಟೆ, ಬೇರೆ ಚಾಪೆ, ಬೇರೆ ಹೊತ್ತು, ಯಾವುದಕ್ಕೂ ಒಪ್ಪಬೇಡಿ. ಒಮ್ಮೆ ಒಪ್ಪಿದರೆ ಅದೇ ಊರ ಪದ್ಧತಿಯಾಗುತ್ತದೆ. ಕೇಂದ್ರ ಯಾವ ಬೀದಿಯಲ್ಲಿರಬೇಕು, ಅಡುಗೆಗೆ ಯಾರಿರಬೇಕು ಎಂಬುದನ್ನು ತೆರೆಯುವ ಮೊದಲೇ ಸಭೆಯಲ್ಲಿ ತೀರ್ಮಾನಿಸಿ ಬರೆಯಿಸಿಡಿ. ದಲಿತ ಕೇರಿಗೆ ನಡೆದು ಬರಬಹುದಾದ ಜಾಗ ಆರಿಸಿ. ಕೆಲವರು ಮೊದಲ ತಿಂಗಳು ಮಕ್ಕಳನ್ನು ಕಳಿಸದೆ ಇರಬಹುದು. ಆ ಖಾಲಿ ಜಾಗಕ್ಕೆ ಹೆದರಿ ನಿಯಮ ಸಡಿಲಿಸುವುದು ಬೇಡ.

## ತೊಡಕಿನ ಪ್ರಶ್ನೆಗಳು

ಅಂಗನವಾಡಿ ಟೀಚರ್ ನಮ್ಮ ವಿರುದ್ಧ ನಿಂತಿದ್ದಾರೆ. ಅವರನ್ನು ಬಿಟ್ಟು ಹೋಗೋಣವಾ?

ಬಿಟ್ಟು ಹೋದರೆ ಕೆಲಸ ಕೆಟ್ಟಿತು. ಅವರ ಭಯಕ್ಕೆ ಕಾರಣವಿದೆ. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವ ನಿರ್ಧಾರದ ವಿರುದ್ಧ 2024ರಲ್ಲಿ ಅವರು ಬೀದಿಗಿಳಿಯಬೇಕಾಯಿತು. ದೊಡ್ಡ ಮಕ್ಕಳು ಶಾಲೆಗೆ, ಸಣ್ಣವರು ಕೂಸಿನ ಮನೆಗೆ ಹೋದರೆ ಅಂಗನವಾಡಿಯಲ್ಲಿ ಉಳಿಯುವವರು ಯಾರು? ಇನ್ನೊಂದು ಕಡೆ ಈಗಿನ ಗೌರವಧನಕ್ಕೇ ಎರಡು ಗಂಟೆ ಹೆಚ್ಚು ದುಡಿಸುತ್ತಾರೆ ಎಂಬ ಆತಂಕವೂ ಇದೆ. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದೇ 2022ರಲ್ಲಿ, ಯೋಜನೆ ಶುರುವಾಗಿ 47 ವರ್ಷದ ಮೇಲೆ.

ಬೇಡಿಕೆಯಲ್ಲೇ ಮೂರು ಮಾತು ಸೇರಿಸಿ: ಹೆಚ್ಚುವರಿ ಹೊತ್ತಿಗೆ ಹೆಚ್ಚುವರಿ ಸಿಬ್ಬಂದಿ, ಈಗಿನವರ ಮೇಲೆ ಹೊರೆ ಇಲ್ಲ, ಅಂಗನವಾಡಿಯ ಮಕ್ಕಳ ದಾಖಲಾತಿಗೆ ಧಕ್ಕೆ ಇಲ್ಲ. ಆಹಾರದ ವಿಷಯವನ್ನೂ ಮೊದಲೇ ಮಾತಾಡಿ. ಕೇಂದ್ರಕ್ಕೆ ಬರುವ ಸಣ್ಣ ಮಗುವಿನ ಮನೆಯ ಪಾಲಿನ ಆಹಾರ ಅಂಗನವಾಡಿಯಿಂದಲೇ ಮುಂದುವರಿಯುತ್ತದೋ, ಕೇಂದ್ರದಲ್ಲಿ ಬೇಯಿಸಿ ಕೊಡುತ್ತಾರೋ ಎಂಬುದು ಬರಹದಲ್ಲಿ ಇರದಿದ್ದರೆ, ಎರಡೂ ಕಡೆಯ ಪುಸ್ತಕದಲ್ಲಿ ಒಂದೇ ಮಗುವಿನ ಹೆಸರು ಬಂದು, ಆಡಿಟ್‌ನಲ್ಲಿ ಸಿಕ್ಕಿಬೀಳುವವರು ಅಂಗನವಾಡಿ ಟೀಚರ್.

ಕೇಂದ್ರ ನಡೆಸೋ ತಲೆನೋವು ಯಾಕೆ? ತಾಯಂದಿರ ಖಾತೆಗೆ ದುಡ್ಡು ಹಾಕಿದರೆ ಸಾಲದಾ?

ಊರಿನಲ್ಲಿ ಕೇಂದ್ರವೇ ಇಲ್ಲದಿದ್ದರೆ ಆ ದುಡ್ಡಿನಲ್ಲಿ ಕೊಳ್ಳುವುದೇನನ್ನು? ಖಾತೆಗೆ ಬಂದ ಹಣ ರೇಷನ್ನಿಗೋ ಸಾಲದ ಕಂತಿಗೋ ಹೋಗುತ್ತದೆ. ಅದು ತಪ್ಪಲ್ಲ, ಆದರೆ ಮಗು ಗದ್ದೆ ಬದುವಿನಲ್ಲೇ ಉಳಿಯುತ್ತದೆ.

ಕೆನಡಾದ ಕ್ವಿಬೆಕ್ ಪ್ರಾಂತ್ಯ 1997ರಲ್ಲಿ ದಿನಕ್ಕೆ ಐದು ಡಾಲರಿನ ಶಿಶುಪಾಲನೆ ಶುರು ಮಾಡಿತು. ತಾಯಂದಿರು ಕೆಲಸಕ್ಕೆ ಹೋಗುವುದು ಹೆಚ್ಚಿತು. ಜೊತೆಗೆ ಕಾಯುವ ಪಟ್ಟಿಯೂ ಬೆಳೆಯಿತು, ಬೇಗ ಬೇಗ ತೆರೆದ ಕಡೆ ಗುಣಮಟ್ಟದ ದೂರೂ ಬಂತು. ಅದನ್ನು ಉದಾಹರಣೆ ಕೊಡುವವರು ಕಥೆಯ ಎರಡೂ ಅರ್ಧವನ್ನು ಹೇಳಬೇಕು. ಶುಲ್ಕ ಇಳಿಸುವುದು ಒಂದು ಆದೇಶದಲ್ಲಿ ಆಗುತ್ತದೆ, ತರಬೇತಾದ ಜನರನ್ನು ತಯಾರು ಮಾಡಲು ವರ್ಷಗಳು ಬೇಕು.

ರಾಜ್ಯ ಬಜೆಟ್ಟಿನಲ್ಲಿ ಸಾಲು ಬರಬೇಕಾದರೆ ಯಾವಾಗ, ಯಾರಿಗೆ ಹೇಳಬೇಕು?

ಬಜೆಟ್ ಭಾಷಣ ಸಾಮಾನ್ಯವಾಗಿ ಫೆಬ್ರವರಿ ಇಲ್ಲವೇ ಮಾರ್ಚಿನಲ್ಲಿ. ಆ ತಿಂಗಳಲ್ಲಿ ಫ್ರೀಡಂ ಪಾರ್ಕಿನಲ್ಲಿ ಕೂತರೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಹಣ ಬರುವುದಿಲ್ಲ. ಇಲಾಖೆಗಳು ತಮ್ಮ ಪ್ರಸ್ತಾವ ಕಳಿಸುವುದು ಅದಕ್ಕೂ ತಿಂಗಳುಗಳ ಮುಂಚೆ. ನವೆಂಬರಿನ ಹೊತ್ತಿಗೆ ಇಲಾಖೆಯ ಕಾರ್ಯದರ್ಶಿ, ಸಚಿವರು, ಹಣಕಾಸು ಇಲಾಖೆ ಮೂವರ ಕೈಯಲ್ಲೂ ಒಂದೇ ಪತ್ರ ಇರಬೇಕು. ಜೊತೆಗೆ ನಿಮ್ಮ ಕ್ಷೇತ್ರದ ಶಾಸಕರಿಗೆ ಬರೆದುಕೊಟ್ಟ ಒಂದು ಪ್ರಶ್ನೆ: ‘ತಾಲ್ಲೂಕಿನಲ್ಲಿ ಮಂಜೂರಾದ ಕೂಸಿನ ಮನೆಗಳೆಷ್ಟು, ಇಂದು ಬಾಗಿಲು ತೆರೆದಿರುವವು ಎಷ್ಟು?’ ಸದನದಲ್ಲಿ ಕೊಟ್ಟ ಲಿಖಿತ ಉತ್ತರ ಮುಂದಿನ ವರ್ಷದ ನಿಮ್ಮ ಅರ್ಜಿಗೆ ಮೊದಲ ಲಗತ್ತು.

ಚುನಾವಣೆ ಹತ್ತಿರ ಬಂತು. ಪಕ್ಷದವರನ್ನು ವೇದಿಕೆಗೆ ಕರೆಯೋಣವಾ?

ಕರೆಯುವುದಾದರೆ ಎಲ್ಲರನ್ನೂ, ಒಂದೇ ದಿನ, ಒಂದೇ ಪ್ರಶ್ನೆಯೊಂದಿಗೆ. ಒಬ್ಬರನ್ನೇ ಕರೆದರೆ ಕೂಸಿನ ಮನೆಗೆ ಆ ಪಕ್ಷದ ಬಣ್ಣ ಬಳಿಯುತ್ತದೆ, ಇನ್ನೊಬ್ಬರು ಗೆದ್ದ ಮೇಲೆ ಅದೇ ಕಾರಣಕ್ಕೆ ಅದು ಒಣಗುತ್ತದೆ. ನೀತಿಸಂಹಿತೆ ಜಾರಿಯಾದ ಮೇಲೆ ಹೊಸ ಮಂಜೂರಾತಿ, ಹೊಸ ಕಾಮಗಾರಿ ನಿಲ್ಲುತ್ತವೆ. ಆದ್ದರಿಂದ ಆದೇಶದ ಪ್ರತಿ ಅದಕ್ಕೆ ಮುಂಚೆಯೇ ಕೈಗೆ ಸಿಗಬೇಕು. ‘ಆರ್ಡರ್ ಆಗಿದೆ, ಚುನಾವಣೆ ಮುಗಿದ ಮೇಲೆ ಕೊಡ್ತೀವಿ’ ಎಂದರೆ ಆದೇಶದ ಸಂಖ್ಯೆ ಮತ್ತು ದಿನಾಂಕ ಕೇಳಿ ಅಲ್ಲೇ ಬರೆದುಕೊಳ್ಳಿ. ಸಂಖ್ಯೆ ಹೇಳಲು ತಡವರಿಸಿದರೆ ಆದೇಶ ಇನ್ನೂ ಆಗಿಲ್ಲ ಎಂದೇ ತಿಳಿದು, ಮರುದಿನವೇ ಮೇಲಿನ ಕಚೇರಿಗೆ ಹೋಗಿ.